ಅಡುಗೆಮನೆಯಿಂದ ಹೇಳಿದ ಆಮೆನ್

ಕುಂದಾಪುರದ ನಮ್ಮ ಚರ್ಚಿನಲ್ಲಿ ಆಗ ಇದ್ದದ್ದು ಕೆಲವೇ ಮನೆಯವರು. ಶುಕ್ರವಾರ ಸಂಜೆಯ ಪ್ರಾರ್ಥನೆ ಸರದಿಯ ಮೇಲೆ ಒಂದೊಂದು ವಾರ ಒಂದೊಂದು ಮನೆಯಲ್ಲಿ ನಡೆಯುತ್ತಿತ್ತು. ಯಾರ ಮನೆಯ ಸರದಿಯೋ ಆ ಮನೆಯ ಹೆಂಗಸಿಗೆ ಮಾತ್ರ ಪ್ರಾರ್ಥನೆಯಲ್ಲಿ ಕೂರುವ ಯೋಗವಿಲ್ಲ. ಚಾಪೆ ಹಾಸಿ, ಹಾಡಿನ ಪುಸ್ತಕ ಹಂಚಿ, ಎರಡು ಹಾಡು ಮುಗಿಯುವಷ್ಟರಲ್ಲಿ ಅವಳು ಒಲೆಯ ಮುಂದೆ ನಿಂತಿರಬೇಕು. ಜನ ಕಣ್ಣು ಬಿಡುವಾಗ ಚಹಾ ಮತ್ತು ಬಿಸಿ ಗೋಳಿಬಜೆ ಎದುರಿಗಿರಬೇಕು. ಹೀಗೆಂದು ಯಾರೂ ಕಾನೂನು ಮಾಡಿರಲಿಲ್ಲ. ಆದರೆ ಬಜೆ ತಣ್ಣಗಾದರೆ ಮುಂದಿನ ಶುಕ್ರವಾರದವರೆಗೂ ಅದೇ ಮಾತಾಗುತ್ತಿತ್ತು.

ಪ್ರಾರ್ಥನೆ ನಡೆಸುತ್ತಿದ್ದವರು ಸಭೆಯ ಹಿರಿಯರು. ಅವರದು ಒಂದು ಕ್ರಮ. ಒಂದೊಂದು ಬೇಡಿಕೆ ಮುಗಿದಾಗಲೂ ಮಾತು ನಿಲ್ಲಿಸುತ್ತಿದ್ದರು. ಆಗ ಎಲ್ಲರೂ ‘ಆಮೆನ್’ ಅನ್ನಬೇಕು. ದನಿ ಸಾಲದೆ ಹೋದರೆ ಅದೇ ಬೇಡಿಕೆಯನ್ನು ಬೇರೆ ಮಾತುಗಳಲ್ಲಿ ಮತ್ತೆ ಮೊದಲಿಂದ ಹೇಳುತ್ತಿದ್ದರು. ಒಳಗೆ ಎಣ್ಣೆ ಕಾದು ಹೊಗೆಯಾಡುತ್ತಿರುವಾಗ ಒಲೆಯ ಮುಂದಿರುವವಳಿಗೆ ಇದು ದೊಡ್ಡ ಸಂಕಟ. ಹಾಗಾಗಿ ನಮ್ಮ ಹೆಂಗಸರೆಲ್ಲ ಒಂದು ಉಪಾಯ ಕಲಿತಿದ್ದರು: ಜಗಲಿಯಲ್ಲಿ ದನಿ ನಿಂತ ಕೂಡಲೇ ಅಡುಗೆಮನೆಯಿಂದಲೇ ಗಟ್ಟಿಯಾಗಿ ಆಮೆನ್ ಅಂದುಬಿಡುವುದು. ನಾನು ಅದರಲ್ಲಿ ಪಳಗಿದವಳು. ಮಾತು ಕೇಳಬೇಕೆಂದಿಲ್ಲ, ಮಾತು ನಿಂತದ್ದು ಕೇಳಿಸಿದರೆ ಸಾಕು.

ಎರಡು ಸಾವಿರದ ಮೂರನೇ ಇಸವಿ. ಮಗಳು ಉಡುಪಿ ಕಡೆ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು; ಎರಡನೆಯ ವರ್ಷ. ಚಳಿಗಾಲದ ಒಂದು ಶುಕ್ರವಾರ ನಮ್ಮ ಮನೆಯ ಸರದಿ ಬಂತು. ಆ ದಿನ ಹಿಟ್ಟು ಸ್ವಲ್ಪ ನೀರಾಗಿತ್ತು, ಬಜೆ ಎಣ್ಣೆಗೆ ಬಿಟ್ಟರೆ ಬಾಲ ಬರುತ್ತಿತ್ತು. ನನ್ನ ಗಮನವೆಲ್ಲ ಆ ಬಾಲದ ಮೇಲೆ. ದನಿ ನಿಂತಾಗಲೆಲ್ಲ ಆಮೆನ್ ಅಂದೆ. ಕೊನೆಗೊಮ್ಮೆ ನಿಂತಾಗ ಹೊರಗೆ ಯಾರೂ ಬೇಗ ಬಾಯಿ ಬಿಡಲಿಲ್ಲ ಅನ್ನಿಸಿತು. ಮತ್ತೆ ಮೊದಲಿಂದ ಶುರುವಾದರೆ ಕಷ್ಟ ಎಂದು ಜಾಲರಿ ಸೌಟು ಕೈಯಲ್ಲಿ ಹಿಡಿದುಕೊಂಡೇ ಎರಡು ಸಲ ಅಂದೆ: “ಆಮೆನ್, ಆಮೆನ್!”

ಚಹಾ ತೆಗೆದುಕೊಂಡು ಹೋದಾಗ ಹಿರಿಯರ ಮುಖ ಅರಳಿತ್ತು. ಬಜೆ ಕೈಗೆತ್ತಿಕೊಂಡು, “ತಾಯಿ ಬಾಯಲ್ಲೇ ಬಂತ್ ಕಾಣಿ. ಅದೂ ಎರಡ್ ಸಲ! ಇನ್ನೆಂತ ಬೇಕ್ ನಮ್ಗೆ?” ಅಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಬಜೆಯ ಹೊಗಳಿಕೆ ಇರಬೇಕೆಂದುಕೊಂಡು, “ಇನ್ನೆರಡ್ ಹಾಕ್ಕಣಿ” ಅಂದೆ.

“ಹಾಕ್ಕಂತೆ, ಹಾಕ್ಕಂತೆ. ಈ ಆದಿತ್ಯವಾರ ಬೇಡ, ಬಪ್ಪು ಆದಿತ್ಯವಾರ ಸಭೆಗೆ ತಿಳ್ಸುವ. ಬೈಂದೂರಿಗೆ ತಂಗಿಗೂ ಹೇಳಿ ಕಳಿಸ್ತೆ.”

ಎಲ್ಲರೂ ಹೋದ ಮೇಲೆ ಗಂಡ ಚಾಪೆ ಸುತ್ತುತ್ತಿದ್ದರು. ಹಂಚಿನ ಕಾರ್ಖಾನೆಯಲ್ಲಿ ಸುಡುವ ಗೂಡಿಗೆ ಹಂಚು ತುಂಬುವ ಕೆಲಸ ಅವರದು. ಯಾರ ಮಾತಿಗೂ ಎದುರಾಡದ ಮನುಷ್ಯ.

“ಸಭೆಗೆ ಎಂತ ತಿಳ್ಸುದಂಬ್ರ್ ಅವ್ರ್?” ಎಂದು ಕೇಳಿದೆ.

ಅವರು ಚಾಪೆ ಬಿಟ್ಟು ನನ್ನನ್ನು ನೋಡಿದರು. “ನೀನ್ ಕೇಳ್ಲಿಲ್ಯಾ?”

“ನಾನ್ ಒಲಿ ಮುಂದಿದ್ದೆ.”

“ಅವ್ರ ತಂಗಿ ಮಗ ಬೊಂಬಾಯಿಯಲ್ಲಿದ್ನಲೆ, ಅವ್ನಿಗೆ ನಮ್ ಹೆಣ್ಣನ್ನ ದೇವ್ರ್ ಜೋಡಿ ಮಾಡಿದ್ದಕ್ಕೆ ಸ್ತೋತ್ರ ಅಂದ್ರ್. ಮೇ ತಿಂಗಳಲ್ಲಿ ಮದಿ ನಡೀಲಿ ಅಂದ್ರ್. ನೀನೇ ಎಲ್ಲರ್ಗಿಂತ ಗಟ್ಟಿ ಆಮೆನ್ ಅಂದ್ಯಲೆ!”

ನಾನು ಅಲ್ಲೇ ಕುಳಿತುಬಿಟ್ಟೆ. “ನೀವೆಂತ ಮಾಡ್ದ್ರಿ?”

“ನೀನ್ ಒಪ್ಪಿಯೇ ಅಂದದ್ದ್ ಅಂದ್ಕಂಡೆ. ಅದ್ಕೇ ನಾನೂ ಅಂದೆ.”

ಆಮೇಲೆ ವಿಷಯ ಒಂದೊಂದಾಗಿ ಹೊರಗೆ ಬಂತು. ಎರಡು ವಾರದ ಹಿಂದೆ ಹಿರಿಯರು ದಾರಿಯಲ್ಲಿ ಸಿಕ್ಕಿ ಕೇಳಿದ್ದರಂತೆ. ಇವರು “ಕಾಂಬ”, ಅಂದರೆ ನೋಡೋಣ, ಅಂದಿದ್ದರಂತೆ. ಕಾಂಬ ಎಂದರೆ ಇವರ ಬಾಯಲ್ಲಿ ಬೇಡ ಎಂದು ನನಗೆ ಗೊತ್ತು, ಹಿರಿಯರಿಗೆ ಹೇಗೆ ಗೊತ್ತಾಗಬೇಕು? ಹುಡುಗ ಕೆಟ್ಟವನೆಂದು ಯಾರೂ ಹೇಳಿರಲಿಲ್ಲ. ಆದರೆ ಮದುವೆಯಾದ ಮೇಲೆ ಹುಡುಗಿ ಕೆಲಸಕ್ಕೆ ಹೋಗುವುದು ಬೇಡ, ಓದು ಅಲ್ಲಿಗೇ ನಿಲ್ಲಿಸಬಹುದು ಎಂದು ಬೈಂದೂರಿನ ತಂಗಿಯ ಮಾತು. ಈ ಹೆಣ್ಣು ಏಳನೇ ಕ್ಲಾಸಿನಿಂದ ನರ್ಸ್ ಆಗುತ್ತೇನೆಂದು ಹೇಳಿಕೊಂಡು ಬಂದದ್ದು. ರಜೆಗೆ ಬಂದರೆ ಅಕ್ಕಪಕ್ಕದ ಮುದುಕಿಯರೆಲ್ಲ ಇವಳ ಹತ್ತಿರ ಕೈ ಚಾಚಿಕೊಂಡು ನಾಡಿ ನೋಡಿಸಿಕೊಳ್ಳುತ್ತಿದ್ದರು. ಅವಳನ್ನು ಒಂದು ಮಾತು ಕೇಳದೆ, ಅವಳ ಬದುಕಿಗೆ ಒಲೆಯ ಮುಂದೆ ನಿಂತು ನಾನು ಒಪ್ಪಿಗೆ ಕೊಟ್ಟಿದ್ದೆ.

ಹಿರಿಯರಿಗೆ ಬೇಡವೆಂದು ಹೇಳುವುದು ಕಷ್ಟವೇ. ನಮ್ಮವರ ಕಾಲಿಗೆ ಗೂಡಿನ ಇಟ್ಟಿಗೆ ಬಿದ್ದಾಗ ರಿಕ್ಷಾ ಮಾಡಿ ಆಸ್ಪತ್ರೆಗೆ ಸೇರಿಸಿದವರು ಅವರು. ಆದರೆ ನಾನು ಹೆದರಿದ್ದು ಅವರಿಗಲ್ಲ. ಮನುಷ್ಯರಿಗೆ ಕೊಟ್ಟ ಮಾತಾದರೆ ಕೈಮುಗಿದು ಹಿಂದೆ ಪಡೆಯಬಹುದು. ಇದು ಪ್ರಾರ್ಥನೆಯಲ್ಲಿ, ದೇವರ ಎದುರು, ಎರಡು ಸಲ ಹೇಳಿದ ಮಾತು. ಬೇಡ ಅಂದರೆ ದೇವರಿಗೆ ಸುಳ್ಳು ಹೇಳಿದಂತೆ. ಬೇಕು ಅಂದರೆ ಮಗಳಿಗೆ ದ್ರೋಹ. ಮುಂದಿನ ಒಂಬತ್ತು ದಿನ ಈ ಎರಡರ ನಡುವೆ ನಾನು ಅನ್ನ ನುಂಗಿದ್ದು ಹೇಗೋ.

ಪ್ರತಿದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ದೇವರ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ಅಭ್ಯಾಸ. ಬಾವಿಯಲ್ಲಿ ನೀರಿದೆ, ಒಂದು. ಗಂಡನ ಕಾಲು ನೋವು ಕಡಿಮೆ, ಎರಡು. ದಾಸವಾಳ ಬಿಟ್ಟಿದ್ದರೆ ಕೊನೆಗೆ ಅದೂ ಒಂದು. ಆ ವಾರ ಎರಡನೇ ಬೆರಳಿಗೆ ಕೈ ನಿಂತುಹೋಗುತ್ತಿತ್ತು. ಮೂರನೆಯದು ಯಾವಾಗಲೂ ಮಗಳಾಗಿದ್ದಳು.

ಸೋಮವಾರ ಕೋಡಿಯಿಂದ ಮೀನಿನವಳು ಬಂದಳು. ನಮ್ಮ ಮನೆಗೆ ಹದಿನೈದು ವರ್ಷದಿಂದ ಬರುವವಳು.

“ಹ್ವಾಯ್ ಅಮ್ಮಾ, ಬಂಗ್ಡಿ ಇತ್ತ್, ಬನ್ನಿ!”

“ಇವತ್ತ್ ಬೇಡ ಮಾರಾಯ್ತಿ.”

ಅವಳು ಬುಟ್ಟಿ ಇಳಿಸಿಯೇ ಇಳಿಸಿ, ನನ್ನ ಮುಖ ನೋಡಿದಳು. “ಎಂತ ಆಯ್ತ್? ಮೋರಿ ಒಣ ಮೀನಿನಾಂಗ್ ಆಯ್ತಲೆ!”

ಹೇಳಬಾರದೆಂದಿದ್ದೆ, ಹೇಳಿಬಿಟ್ಟೆ. ಎಲ್ಲ ಕೇಳಿ ಅವಳು ಸೊಂಟಕ್ಕೆ ಕೈಯಿಟ್ಟಳು.

“ಎಲಿ ಅಡ್ಕಿ ಬದ್ಲ್ ಮಾಡ್ದ್ರಿಯಾ?”

“ಇಲ್ಲೆ. ನಮ್ಮಲ್ಲಿ ಆ ಕ್ರಮ ಇಲ್ಲೆ.”

“ಹೆಣ್ಣ್ ಕಾಂಬುಕೆ ಬಂದಿದ್ರಾ?”

“ಅದೂ ಇಲ್ಲೆ.”

“ಮತ್ತೆಂತ ಆಯ್ತ್ ಮಣ್ಣ್! ಬಾಯಲ್ಲಿ ಒಂದ್ ಮಾತ್ ಅಂದ್ರೆ ಮದಿ ಆತ್ತಾ? ನಾನ್ ದಿನಕ್ಕೆ ಹತ್ತ್ ಸಲ ‘ಆಯ್ತ್ ಮಾರಾಯಾ, ಆಯ್ತ್’ ಅಂತೆ. ನಂಗೆ ಹತ್ತ್ ಗಂಡಂದಿರ್ ಇರ್ಕಿತ್ತ್.”

ನಗು ಬಂತು, ಬಂದ ಹಾಗೇ ಹೋಯಿತು. “ಇದ್ ದೇವ್ರ್ ಎದ್ರ್ ಅಂದದ್ದ್” ಅಂದೆ.

“ಹೌದಾ, ಆ ಮಾತಿಗೆ ಅರ್ಥ ಎಂತ?”

“ಹಾಂಗೇ ಆಗ್ಲಿ ಅಂತ ಇರ್ಕ್.” ಇರಬೇಕು ಎಂದಷ್ಟೇ ನನಗೆ ಗೊತ್ತಿದ್ದದ್ದು.

“ಇರ್ಕಾ? ಹುಟ್ಟಿದಾಗಿಂದ ಹೇಳ್ತಾ ಇದ್ರಿ, ಇರ್ಕ್ ಅಂತ್ರಿಯಲೆ!” ಎಂದು ಬುಟ್ಟಿ ತಲೆಗೇರಿಸಿಕೊಂಡಳು. “ತಿಳಿದವ್ರ ಹತ್ರ ಹೋಯಿ ಕೇಣಿ. ಸುಮ್ನೆ ಹೆದ್ರಿ ಸಾಯ್ಬೇಡಿ.”

ಅವಳು ಹೇಳಿದ್ದು ಸರಿ. ನಾಮಕರಣದಲ್ಲಿ, ಮಣ್ಣು ಮಾಡುವಾಗ, ಊಟಕ್ಕೆ ಮುಂಚೆ, ಎಷ್ಟು ಸಾವಿರ ಸಲ ಹೇಳಿದ ಮಾತು! ಅದು ಯಾವ ಭಾಷೆಯದೆಂದು ಕೂಡ ನಾನು ಯಾವತ್ತೂ ಯೋಚಿಸಿರಲಿಲ್ಲ.

ಬ್ರಹ್ಮಾವರದಲ್ಲಿ ನಿವೃತ್ತರಾದ ಅಯ್ಯನವರೊಬ್ಬರಿದ್ದರು. ಅಯ್ಯನವರು ಎಂದರೆ ನಮ್ಮಲ್ಲಿ ಪಾದ್ರಿಗಳು. ನನ್ನ ಮದುವೆ ಮಾಡಿಸಿದವರೂ ಅವರೇ. ಪ್ರಾಯದಲ್ಲಿ ಇಬ್ರಿಯ, ಅಂದರೆ ಹೀಬ್ರೂ ಭಾಷೆ ಕಲಿತಿದ್ದರೆಂದು ಕೇಳಿದ್ದೆ. ಬುಧವಾರ ಗಂಡನಿಗೆ ಬುತ್ತಿ ಕಟ್ಟಿಕೊಟ್ಟು ಬಸ್ಸು ಹತ್ತಿದೆ. ಸಾಲಿಗ್ರಾಮ ದಾಟುವವರೆಗೂ ಹಿಂದಿರುಗಿ ಹೋಗಿಬಿಡಲೇ ಅನ್ನಿಸುತ್ತಿತ್ತು. ಅಯ್ಯನವರು ‘ಹೇಳಿದ ಮೇಲೆ ಮುಗಿಯಿತು’ ಅಂದರೆ? ಕೇಳದೆ ಇದ್ದರಾದರೂ ಗೊತ್ತಿರಲಿಲ್ಲ ಎಂದುಕೊಂಡಿರಬಹುದು.

ಅವರು ಹಿತ್ತಿಲಲ್ಲಿ ಹೀರೆಬಳ್ಳಿಗೆ ಚಪ್ಪರದ ಗೂಟ ಹೊಡೆಸುತ್ತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಒಳಗೆ ಕೂರಿಸಿ ರಟ್ಟು ಹೋದ ಒಂದು ದಪ್ಪ ನಿಘಂಟು ತಂದು ತೊಡೆಯ ಮೇಲಿಟ್ಟುಕೊಂಡರು.

“ಆಮೆನ್ ಇಬ್ರಿಯ ಮಾತು. ಅದರ ಬೇರಿನ ಅರ್ಥ ‘ಗಟ್ಟಿಯಾಗಿರುವುದು, ಅಲುಗದಿರುವುದು’. ಗೋಡೆಗೆ ಭದ್ರವಾಗಿ ಹೊಡೆದ ಗೂಟಕ್ಕೆ ಆ ಬೇರಿನ ಮಾತು ಬರುತ್ತದೆ. ಬಾಗಿಲಿನ ನಿಲುವಿಗೆ ಬರುತ್ತದೆ. ಯುದ್ಧದ ದಿನ ಒಬ್ಬ ಮುದುಕನ ಎತ್ತಿದ ಕೈಗಳನ್ನು ಇಬ್ಬರು ಹೊತ್ತು ಮುಳುಗುವವರೆಗೆ ಆಧರಿಸಿ ಹಿಡಿದರಲ್ಲ, ಆ ಕೈ ಅಲುಗದೆ ನಿಂತದ್ದಕ್ಕೂ ಅದೇ. ಮಗುವನ್ನು ಎತ್ತಿ ಸಾಕುವ ದಾದಿಗೂ ಅದೇ ಬೇರು.”

ದಾದಿ ಎಂದು ಕೇಳಿ ನನ್ನ ಕಣ್ಣು ತುಂಬಿತು. ಅವರು ನೋಡಲಿಲ್ಲ, ಹಾಳೆ ತಿರುವುತ್ತಿದ್ದರು.

“ಹಳೆಯ ಕಾಲದಲ್ಲಿ ಅದನ್ನು ಹೆಚ್ಚಾಗಿ ಹೇಳುತ್ತಿದ್ದವರು ಪ್ರಾರ್ಥನೆ ಮಾಡುವವರಲ್ಲ, ಕೇಳುವವರು. ಇನ್ನೊಬ್ಬರ ಮಾತಿಗೆ ‘ಇದು ನನ್ನ ಮೇಲೂ ಇರಲಿ’ ಎಂದು ಹೆಗಲು ಕೊಡುವುದು. ಆಶೀರ್ವಾದಕ್ಕೂ ಹೇಳುತ್ತಿದ್ದರು, ಶಾಪಕ್ಕೂ ಹೇಳುತ್ತಿದ್ದರು. ಗಂಡನಿಗೆ ಅನುಮಾನ ಬಂದ ಹೆಂಗಸನ್ನು ನಿಲ್ಲಿಸಿ ಕಹಿ ನೀರು ಕುಡಿಸುವ ಮುಂಚೆ ಅವಳ ಬಾಯಲ್ಲಿ ಎರಡು ಸಲ ಆಮೆನ್ ಹೇಳಿಸುತ್ತಿದ್ದರು.”

“ಎರಡು ಸಲವೇ?” ಎಂದೆ.

“ಹೌದು. ಏಕೆ?”

“ನಾನೂ ಎರಡು ಸಲ ಹೇಳಿದ್ದು, ಅಯ್ಯನವರೇ. ಆದರೆ ನಾನು ಏನನ್ನೂ ಕೇಳಿಸಿಕೊಂಡಿರಲಿಲ್ಲ. ಕೇಳದೆ ಹೇಳಿದ್ದಕ್ಕೆ ಏನು?”

ಅವರು ಕನ್ನಡಕ ತೆಗೆದರು. “ಅದಕ್ಕೂ ಯೆಹೂದ್ಯ ಗುರುಗಳು ಒಂದು ಹೆಸರಿಟ್ಟಿದ್ದಾರೆ. ಯಾವುದಕ್ಕೆ ಉತ್ತರವೆಂದು ತಿಳಿಯದೆ ಹೇಳಿದ್ದು ತಬ್ಬಲಿ ಆಮೆನ್. ಹಾಗೆ ಹೇಳಬಾರದು ಎನ್ನುತ್ತಾರೆ.”

“ಹೇಳಿದರೆ?”

“ಬಿಡಿ. ಅದು ಬೆದರಿಸುವುದಕ್ಕೆ ಹೇಳಿದ ಮಾತು.”

“ಹೇಳಿ ಅಯ್ಯನವರೇ. ಹೇಳದೆ ಹೋದರೆ ನನಗೆ ಇನ್ನೂ ಹೆದರಿಕೆ.”

“ಹಾಗೆ ಹೇಳಿದವರ ಮಕ್ಕಳು ತಬ್ಬಲಿಗಳಾಗುತ್ತಾರೆ ಎಂದು ಒಬ್ಬ ಗುರು ಹೇಳಿದ್ದಾನೆ. ದೇವರ ಮಾತಲ್ಲ ಅದು, ಮೇಷ್ಟರ ಮಾತು. ಮಕ್ಕಳು ಪಾಠದಲ್ಲಿ ನಿದ್ದೆ ಮಾಡದಿರಲಿ ಎಂದು ಮೇಷ್ಟರು ಏನೇನೋ ಹೇಳುತ್ತಾರೆ.”

ಮೇಷ್ಟರ ಮಾತೇ ಇರಬಹುದು. ಆದರೆ ಆ ಮಾತು ನನ್ನ ಎದೆಯಲ್ಲಿ ಕುಳಿತದ್ದು ಮತ್ತೆ ಏಳಲಿಲ್ಲ. ನನಗೇನಾದರೂ ಆದರೆ ಅವಳು ತಬ್ಬಲಿ, ಹೌದು. ಬದುಕಿದ್ದುಕೊಂಡೇ ನಾನು ಅವಳ ಪರವಾಗಿ ಬಾಯಿ ಬಿಡದೆ ಹೋದರೆ ಅದೇನು?

ನಾನು ಅಳುವುದನ್ನು ನೋಡಿ ಅವರು ನಿಘಂಟು ಮುಚ್ಚಿಟ್ಟರು. ಆಮೇಲೆ ಹೇಳಿದರು: “ಒಬ್ಬ ಪ್ರವಾದಿಯ ಕಥೆ ಕೇಳಿ. ಅವನ ಎದುರಿಗೆ ಇನ್ನೊಬ್ಬ ದೇವಾಲಯದಲ್ಲಿ ಜನರ ಮುಂದೆ ಸುಳ್ಳು ಪ್ರವಾದನೆ ಹೇಳಿದ. ಎರಡೇ ವರ್ಷದಲ್ಲಿ ಎಲ್ಲ ಸರಿಯಾಗುತ್ತದೆ, ದೇವರೇ ತಿಳಿಸಿದ್ದಾನೆ ಎಂದ. ಪ್ರವಾದಿ ಏನು ಹೇಳಿದ ಗೊತ್ತೇ? ಮೊದಲು ಆಮೆನ್ ಎಂದ. ದೇವರು ಹಾಗೇ ಮಾಡಲಿ ಎಂದ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ‘ಆದರೂ ಈ ಮಾತು ಕೇಳು’ ಎಂದು ಮುಂದುವರಿಸಿದ. ಆಮೆನ್ ಎಂದವನ ಬಾಯಿ ಅಲ್ಲಿಗೇ ಮುಚ್ಚಿಹೋಗಬೇಕೆಂದು ದೇವರು ಎಲ್ಲೂ ಹೇಳಿಲ್ಲ.”

“ಹಾಗಾದರೆ ನೀವೇ ಬಂದು ಹಿರಿಯರಿಗೆ ಒಂದು ಮಾತು ಹೇಳುತ್ತೀರಾ?”

“ನಾನು ಬಂದರೆ ಅದು ಅಯ್ಯನವರ ಜಗಳವಾಗುತ್ತದೆ. ಬಜೆ ಕರಿದವರು ನೀವು, ನೀವೇ ಹೇಳಬೇಕು” ಎಂದು ಎದ್ದರು. ಹೊರಡುವಾಗ ಎರಡು ಹೀರೆಕಾಯಿ ಕೊಟ್ಟರು.

ಶನಿವಾರ ಮಧ್ಯಾಹ್ನ ಮಗಳು ಬಂದಳು. ಚೀಲ ಇಡುವ ಮೊದಲೇ ನನ್ನ ಮುಖ ನೋಡಿ, “ಎಂತ ಅಬ್ಬಿ, ಜ್ವರವಾ?” ಎಂದು ಕೈ ಹಿಡಿದಳು. ನಾಡಿ ನೋಡುತ್ತಿರುವಾಗಲೇ ಹೇಳಿದೆ. ಅವಳ ಬೆರಳು ನನ್ನ ಮಣಿಕಟ್ಟಿನ ಮೇಲೆ ಹಾಗೇ ಉಳಿಯಿತು.

“ಗೋಳಿಬಜೆ ಕರೀತಾ ನನ್ನ ಮದಿ ಮಾಡ್ದ್ಯಾ?”

“ನಂಗೆ ಕೇಳ್ಲಿಲ್ಲೆ ಮಗಾ.”

“ನಂಗೂ ಯಾರೂ ಕೇಳ್ಲಿಲ್ಲೆ!” ಎಂದು ಕೂಗಿದಳು. ಆಮೇಲೆ ದನಿ ಇಳಿಸಿ, “ಅವ್ನ ಮೋರಿಯೂ ಕಂಡವಳಲ್ಲ ನಾನ್. ಪರೀಕ್ಷೆ ಆಗ್ದೆ ನಂಗೆ ಎಂತದೂ ಬೇಡ. ನಾಳೆ ಚರ್ಚಲ್ಲಿ ಅವ್ರ್ ನನ್ನ ಹೆಸರ್ ಹೇಳಿರೆ ನಾನ್ ಎದ್ದ್ ಹೊರ್ಗ್ ಹೋತೆ, ಕಾಣ್” ಅಂದಳು.

ಅವಳು ಹೇಳಿದ್ದನ್ನು ಮಾಡುವವಳು. ಅಷ್ಟು ಜನರ ಎದುರು ಅವಳು ಎದ್ದು ಹೋದರೆ ಆಮೇಲೆ ಅವಳ ಹಿಂದೆ ಯಾವ ಮಾತು ಬರುತ್ತದೆಂದು ನನಗೆ ಗೊತ್ತು. ಹೆಸರು ಹೇಳುವ ಮೊದಲೇ ತಡೆಯಬೇಕಿತ್ತು.

ಭಾನುವಾರ ಆರಾಧನೆಗೆ ಅರ್ಧ ಗಂಟೆ ಮೊದಲೇ ಗಂಡನನ್ನು ಕರೆದುಕೊಂಡು ಹೋದೆ. ಹಿರಿಯರು ಚರ್ಚಿನ ಮೆಟ್ಟಿಲ ಮೇಲೆ ನಿಂತು ಪ್ರಕಟಣೆಯ ಚೀಟಿ ಓದಿಕೊಳ್ಳುತ್ತಿದ್ದರು. ಬೈಂದೂರಿನ ತಂಗಿ ಇನ್ನೂ ಬಂದಿರಲಿಲ್ಲ. ಅದೊಂದು ಉಪಕಾರ.

“ಒಂದ್ ಮಾತಿತ್ತ್” ಅಂದೆ. “ಆ ಸಂಗತಿ ಇವತ್ತ್ ಹೇಳ್ಬೇಡಿ. ಹೆಣ್ಣ್ ಓದ್ ಮುಗಿಸ್ಕ್ ಅಂತ್ಲ್.”

ಅವರು ನಕ್ಕರು. “ಹೆಣ್ಣ್ ಮಕ್ಕಳ್ ಹಾಂಗೇ ಹೇಳುದ್. ಪ್ರಾರ್ಥನೆಯಲ್ಲಿ ಇಟ್ಟದ್ದನ್ನ ಹಿಂದೆ ತಕಂಬುಕ್ ಆತ್ತಾ? ನೀವೇ ಅಲ್ದಾ ಎರಡ್ ಸಲ ಆಮೆನ್ ಅಂದದ್ದ್?”

“ಅಂದದ್ದ್ ಹೌದ್. ಆದ್ರೂ ಒಂದ್ ಕೇಣಿ. ನೀವ್ ಪ್ರಾರ್ಥನೆ ಮಾಡಿದ್ದ್ ನಾನ್ ಕೇಳಿರ್ಲಿಲ್ಲೆ.”

“ಕೇಳಿರ್ಲಿಲ್ಲೆ ಅಂದ್ರೆ?”

“ಬಜೆ ಕರೀತಿದ್ದೆ. ನಿಮ್ ದನಿ ನಿಂತ್ ಕೂಡ್ಲೆ ಆಮೆನ್ ಅನ್ನುದ್ ನನ್ನ ಅಭ್ಯಾಸ.”

ಅವರ ಮುಖದ ನಗು ಹೋಯಿತು. “ಅವತ್ತ್ ಒಂದಿನವಾ?”

ಅವತ್ತು ಒಂದೇ ದಿನ ಅಂದುಬಿಡಬಹುದಿತ್ತು. ಸಭೆಯಲ್ಲಿ ನನಗೆ ಭಕ್ತೆ ಎಂಬ ಹೆಸರಿತ್ತು. ಹೆಂಗಸರ ಕೂಟದಲ್ಲಿ ಕಾಯಿಲೆಯವರಿಗಾಗಿ ಪ್ರಾರ್ಥನೆ ಮಾಡಲು ನನ್ನನ್ನೇ ಕರೆಯುತ್ತಿದ್ದರು. ಅದೆಲ್ಲ ಒಂದು ಕ್ಷಣ ನನ್ನ ಕಣ್ಣ ಮುಂದೆ ಬಂತು.

“ಇಲ್ಲೆ. ಸುಮಾರ್ ವರ್ಷದಿಂದ” ಅಂದೆ. “ನಮ್ಮನಿ ಸರದಿ ಬಂದಾಗೆಲ್ಲ. ಒಂದ್ ಸಲವೂ ಸಮ ಕೇಳಿದ್ದಿಲ್ಲೆ.”

ಹಿರಿಯರು ನನ್ನ ಗಂಡನ ಕಡೆ ತಿರುಗಿದರು. “ನೀ ಎಂತ ಅಂತೆ? ನೀನಾರೂ ಕೇಳಿದ್ಯಲೆ?”

ಗಂಡ ನೆಲ ನೋಡುತ್ತಾ ನಿಂತಿದ್ದರು. ‘ಕಾಂಬ’ ಅನ್ನುತ್ತಾರೆ ಎಂದೇ ಅಂದುಕೊಂಡೆ. ತಲೆ ಎತ್ತಿ, “ಕೇಳಿದ್ದೆ. ಬೇಡ ಅಂಬುಕೆ ಧೈರ್ಯ ಬರ್ಲಿಲ್ಲೆ. ಹೆಣ್ಣ್ ಓದ್ಲಿ” ಅಂದರು.

ಹಿರಿಯರು ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು ಒಳಗೆ ಹೋದರು. ಗಂಟೆ ಹೊಡೆಯಿತು.

ಆ ದಿನದ ಆರಾಧನೆಯಲ್ಲಿ ಯಾವ ಹಾಡು ಹಾಡಿದರು, ಪ್ರಸಂಗ ಯಾವುದರ ಮೇಲೆ ಎಂದು ಕೇಳಿದರೆ ನನಗೆ ನೆನಪಿಲ್ಲ. ಬೈಂದೂರಿನ ತಂಗಿ ತಡವಾಗಿ ಬಂದು ನಮ್ಮ ಎದುರಿನ ಬೆಂಚಿನಲ್ಲಿ ಕುಳಿತು, ಹಿಂದೆ ತಿರುಗಿ ಮಗಳನ್ನು ನೋಡಿ ನಕ್ಕಳು. ಮಗಳು ನಗಲಿಲ್ಲ. ಬೆಂಚಿನ ಅಂಚಿಗೆ ಸರಿದು, ಚಪ್ಪಲಿ ಕಾಲಿಗೆ ಹಾಕಿಕೊಂಡೇ ಕುಳಿತಿದ್ದಳು. ನಾನು ಅವಳ ಸೆರಗಿನ ತುದಿ ಹಿಡಿದುಕೊಂಡೆ. ಪ್ರತಿ ಪ್ರಾರ್ಥನೆಗೂ ಜನ ಆಮೆನ್ ಅಂದರು. ನಾನು ಪ್ರತಿ ಮಾತನ್ನೂ ಕಿವಿಗೊಟ್ಟು ಕೇಳಿದೆ, ಕೇಳಿಯೂ ಬಾಯಿ ಬಿಡಲು ಹೆದರಿಕೆ.

ಕೊನೆಗೆ ಹಿರಿಯರು ಎದ್ದು ನಿಂತು ಚೀಟಿ ಬಿಡಿಸಿದರು. ಮುಂದಿನ ಶುಕ್ರವಾರದ ಪ್ರಾರ್ಥನೆ ಯಾರ ಮನೆಯಲ್ಲಿ ಎಂದು ಓದಿದರು. ಬಾವಿ ಶುಚಿ ಮಾಡುವ ಕೆಲಸಕ್ಕೆ ಗಂಡಸರು ಬರಬೇಕೆಂದು ಓದಿದರು. “ಇನ್ನೊಂದು ಸಂತೋಷದ...” ಎಂದು ಬಾಯಿಗೆ ಬಂದದ್ದನ್ನು ಅಲ್ಲಿಗೇ ತಡೆದರು. ಮಗಳು ಎದ್ದೇ ಬಿಟ್ಟಿದ್ದಳು. ನಾನು ಸೆರಗು ಜಗ್ಗಿದೆ. ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, “ಅದು ಇವತ್ತಿಗೆ ಇಲ್ಲ” ಎಂದು ಕುಳಿತರು. ಬೈಂದೂರಿನ ತಂಗಿಯ ಬೆನ್ನು ನೆಟ್ಟಗಾಯಿತು. ಮಗಳು ಕಾಲು ಮರಗಟ್ಟಿದವಳ ಹಾಗೆ ಮೆಲ್ಲಗೆ ಕುಳಿತಳು.

ಹೊರಗೆ ಬಂದಾಗ ಯಾರೂ ನಮ್ಮ ಹತ್ತಿರ ನಿಲ್ಲಲಿಲ್ಲ. ಮೆಟ್ಟಿಲ ಹತ್ತಿರ ಯಾರೋ ಕೇಳಿಸಿಕೊಂಡ ನನ್ನ ಮಾತು ಆಗಲೇ ಹೆಂಗಸರಿಂದ ಹೆಂಗಸರಿಗೆ ದಾಟಿತ್ತು. ಅದಾದ ಮೇಲೆ ಒಂದು ವರ್ಷದ ಹತ್ತಿರ ಶುಕ್ರವಾರದ ಸರದಿ ನಮ್ಮ ಮನೆಗೆ ಬರಲಿಲ್ಲ. ಕೂಟದಲ್ಲಿ ಪ್ರಾರ್ಥನೆಗೂ ನನ್ನನ್ನು ಕರೆಯಲಿಲ್ಲ. ಸಿಗಬೇಕಾದದ್ದೇ ಸಿಕ್ಕಿತು ಎಂದುಕೊಂಡೆ. ತಬ್ಬಲಿಯ ಮಾತು ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಮಗಳು ಈಗ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ, ನನಗೆ ಎದೆಯಲ್ಲಿ ಸ್ವಲ್ಪ ಹಿಡಿದಂತಾದರೂ ಮೊದಲು ನೆನಪಾಗುವುದು ಆ ಮೇಷ್ಟರ ಮಾತೇ.

ಆ ಭಾನುವಾರ ಹಿರಿಯರು ಎಲ್ಲರಿಗಿಂತ ಕೊನೆಗೆ ಹೊರಗೆ ಬಂದರು. ನಮ್ಮನ್ನು ದಾಟಿ ಹೋದವರು ನಾಲ್ಕು ಹೆಜ್ಜೆ ಆಚೆ ನಿಂತು ಮಗಳ ಕಡೆ ತಿರುಗಿದರು.

“ಪರೀಕ್ಷೆ ಯಾಗಳಿಕೆ?”

“ಬಪ್ಪು ವರ್ಷ ಕೊನೇದ್.”

“ಬರಿ. ಮುಗ್ಸ್. ಆಮೇಲ್ ನಿನ್ನ ಅಪ್ಪಯ್ಯನ ಹತ್ರ ಮಾತಾಡ್ತೆ.”

ಮಗಳು ಅವರ ಮುಖವನ್ನೇ ನೋಡುತ್ತಾ, “ನನ್ನ ಹತ್ರ ಮಾತಾಡಿ” ಅಂದಳು. “ನಾನ್ ಕೇಳಿಯೇ ಹೇಳ್ತೆ.”

ಅವರು ಕೊಡೆ ಬಿಡಿಸಿಕೊಂಡು, ತಂಗಿ ಕಾಯುತ್ತಿದ್ದ ಗೇಟಿನ ಕಡೆಗೆ ಹೋದರು.